ಅಚ್ಚಿಗಾಗಿ ಬರೆದ ಗೆರೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರೆಂಬ್ರಾಂಟ್ ತನ್ನ ಇಪ್ಪತ್ತೈದರ ಆಸುಪಾಸಿನಲ್ಲಿ ಕಪ್ಪು ಚಾಕ್ ಹಿಡಿದು ಬರೆದ ಡಯಾನಾಳ ಚಿತ್ರವೊಂದಿದೆ. ನೀರಿನಂಚಿನಲ್ಲಿ ಕುಳಿತ ಹೆಣ್ಣು, ಅವಳ ಹಿಂದೆ ಮರದ ಮಬ್ಬು. ಬೆಳಕು ನೇರವಾಗಿ ಬಿದ್ದಾಗ ಕಾಣುವುದು ಇಷ್ಟೇ. ಅದೇ ಬೆಳಕನ್ನು ಮಗ್ಗುಲಿನಿಂದ, ಹಾಳೆಯನ್ನು ಸವರಿ ಹೋಗುವಷ್ಟು ತಗ್ಗಿನಲ್ಲಿ ಬಿಟ್ಟರೆ ಮೈಯಂಚಿನುದ್ದಕ್ಕೂ ಇನ್ನೊಂದು ಗೆರೆ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ಅದು ಕಾಗದದಲ್ಲಿ ಬಿದ್ದ ಸಣ್ಣ ತೋಡು. ಮೊಂಡು ಮೊನೆಯ ಕಡ್ಡಿಯೊಂದನ್ನು ಚಾಕ್ ಗೆರೆಯ ಮೇಲೆಯೇ ಒತ್ತಿ ಎಳೆದು, ಕೆಳಗಿದ್ದ ತಾಮ್ರದ ಫಲಕಕ್ಕೆ ಆ ರೂಪವನ್ನು ದಾಟಿಸಿದ ಗುರುತು ಅದು. 1631ರ ಸುಮಾರಿಗೆ ಹೊರಬಂದ, ಲೇಪ ಹಚ್ಚಿದ ಫಲಕದ ಮೇಲೆ ಸೂಜಿಯಿಂದ ಬರೆದು ಆಮ್ಲದಲ್ಲಿ ಕೊರೆಸುವ ಎಚಿಂಗ್‌ನಲ್ಲಿ ಅದೇ ಡಯಾನಾ ಎಡಬಲ ತಿರುಗಿ ಕುಳಿತಿದ್ದಾಳೆ.

ಹೀಗೆ ಮುದ್ರಣಕ್ಕೆಂದೇ ಹುಟ್ಟಿದ ರೇಖಾಚಿತ್ರಗಳು ಡಚ್ ಕಲೆಯಲ್ಲಿ ಸಾವಿರಾರು. ಆದರೆ ಕಲಾರಸಿಕರ ಪ್ರೀತಿ ಇವಕ್ಕೆ ಅಷ್ಟಾಗಿ ದಕ್ಕಲಿಲ್ಲ. ಕಲಾವಿದನ ಮನಸ್ಸು ಥಟ್ಟನೆ ಹೊಳೆದು ಹಾಳೆಯ ಮೇಲೆ ಚೆಲ್ಲಿದಂತಿರುವ ಸ್ಕೆಚ್‌ಗಳನ್ನೇ ಮೇಲೆಂದು ಎಣಿಸುವ ಅಭಿರುಚಿ ಬೆಳೆದ ಮೇಲೆ, ಅಚ್ಚಿಗೆ ಬರೆದ ಚಿತ್ರಗಳಿಗೆ ಬಿಗುವು, ಯಾಂತ್ರಿಕ, ತಣ್ಣಗೆ ಎಂಬ ಮಾತುಗಳು ಅಂಟಿಕೊಂಡವು. ಈ ತೀರ್ಪು ತಪ್ಪೆಂದು ನಾನು ನಂಬುತ್ತೇನೆ. ಈ ಹಾಳೆಗಳ ಮೇಲೆ ಯಾವ ಮಸಿ, ಯಾವ ಚಾಕ್, ಎಷ್ಟು ವಾಶ್ (ನೀರು ಬೆರೆಸಿ ಬ್ರಷ್ಷಿನಿಂದ ಬಳಿದ ತೆಳು ಮಸಿ) ಎಂಬ ಒಂದೊಂದು ಆಯ್ಕೆಯೂ ಚಿತ್ರ ಬರೆದವನು ಕೆತ್ತುವವನಿಗೆ ಆಡಿದ ಮಾತು. ಅದನ್ನು ಕೇಳಿಸಿಕೊಳ್ಳಲು ಸಾಮಗ್ರಿಯಿಂದಲೇ ಶುರುಮಾಡಬೇಕು.

ಮೊದಲು ಕೆಲಸದ ಹಂಚಿಕೆ ನೋಡೋಣ. ಹಳೆಯ ಅಚ್ಚುಚಿತ್ರದ ಕೆಳಗಿನ ಅಂಚಿನಲ್ಲಿ ಪುಟ್ಟ ಲ್ಯಾಟಿನ್ ಅಕ್ಷರಗಳಲ್ಲಿ ಮೂರು ಹೆಸರು ಇರುವುದುಂಟು. ಒಂದರ ಪಕ್ಕ ‘ಇನ್ವೆನಿಟ್’: ಕಲ್ಪಿಸಿದವನು. ಇನ್ನೊಂದರ ಪಕ್ಕ ‘ಸ್ಕಲ್ಪ್ಸಿಟ್’: ಕೆತ್ತಿದವನು. ಮೂರನೆಯದು ‘ಎಕ್ಸ್‌ಕುಡಿಟ್’: ಪ್ರಕಟಿಸಿದವನು. ದುಡ್ಡು ಹೂಡುವವನೂ ಫಲಕದ ಒಡೆಯನೂ ಹೆಚ್ಚಾಗಿ ಈ ಮೂರನೆಯವನೇ. 16ನೇ ಶತಮಾನದ ಮಧ್ಯದಲ್ಲಿ ಆಂಟ್‌ವರ್ಪ್‌ನ ಹೈರೋನಿಮಸ್ ಕಾಕ್ ಇಂಥ ಪ್ರಕಾಶಕರಲ್ಲಿ ದೊಡ್ಡ ಹೆಸರು. ಆಗಿನ್ನೂ ಇಂದಿನ ನೆದರ್ಲೆಂಡ್ಸ್, ಬೆಲ್ಜಿಯಂ ಎಂಬ ಗಡಿ ಇರಲಿಲ್ಲವಾದ್ದರಿಂದ ಈ ಕತೆ ಆಂಟ್‌ವರ್ಪ್‌ನಿಂದಲೇ ತೊಡಗಬೇಕು. ಪೀಟರ್ ಬ್ರೂಗಲ್ 1556ರಲ್ಲಿ, ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಗಾದೆಯನ್ನು ಬಿಡಿಸಿ ತನ್ನ ಹೆಸರನ್ನೇ ಹಾಕಿದ. ಆ ಹಾಳೆ ಈಗ ವಿಯೆನ್ನಾದ ಆಲ್ಬರ್ಟಿನಾದಲ್ಲಿದೆ. ಮರುವರ್ಷ ಪೀಟರ್ ವ್ಯಾನ್ ಡರ್ ಹೇಡನ್ ಕೆತ್ತಿ, ಕಾಕ್ ಪ್ರಕಟಿಸಿದ ಅಚ್ಚಿನಲ್ಲಿ ‘ಕಲ್ಪಿಸಿದವನು’ ಹೈರೋನಿಮಸ್ ಬಾಷ್ ಎಂದಾಯಿತು. ಬಾಷ್ ತೀರಿಕೊಂಡು ನಾಲ್ಕು ದಶಕ ಕಳೆದಿತ್ತು, ಆದರೆ ಅವನ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು. ರೇಖಾಚಿತ್ರ ಉಳಿಯದೆ ಹೋಗಿದ್ದರೆ ನಾವು ಅಚ್ಚನ್ನೇ ನಂಬಿಕೊಂಡು ಕೂರಬೇಕಿತ್ತು.

ಇಂಥ ಎಷ್ಟೋ ಹಾಳೆಗಳಲ್ಲಿ ಕಾಣುವ ಕಂದು ಗೆರೆ ಎಲ್ಲಿಂದ ಬಂತು? ಆ ಕಾಲದ ಬರವಣಿಗೆಯ ಮುಖ್ಯ ಮಸಿ ಮಾಚಿಕಾಯಿಯದು. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಇಂದಿಗೂ ಬಾಣಂತಿ ಮದ್ದಿಗೆಂದು ಸಿಗುವ ಮಾಚಿಕಾಯಿ, ಓಕ್ ಜಾತಿಯ ಮರದ ಮೇಲೆ ಕೀಟ ಮೊಟ್ಟೆಯಿಟ್ಟಾಗ ಗಿಡ ಕಟ್ಟಿಕೊಳ್ಳುವ ಗಂಟು. ಅದನ್ನು ಜಜ್ಜಿ ನೀರಿನಲ್ಲೋ ವೈನ್‌ನಲ್ಲೋ ನೆನೆಹಾಕಿ, ಒಗರು ಬಿಟ್ಟ ಮೇಲೆ ಅನ್ನಭೇದಿ ಸೇರಿಸುತ್ತಿದ್ದರು. ಅನ್ನಭೇದಿಯ ಕಬ್ಬಿಣ ಮತ್ತು ಕಾಯಿಯ ಒಗರು ಕೂಡಿ ಗಾಳಿ ತಾಗಿದಂತೆ ಕಪ್ಪಾಗುತ್ತವೆ. ಗರಿಯಿಂದ ತೊಟ್ಟಿಕ್ಕದೆ ಹಿಡಿತಕ್ಕೆ ಬರಲೆಂದು ಜಾಲಿ ಜಾತಿಯ ಮರದ ಅಂಟು. ಬರೆದಾಗ ನೀಲಿಗಪ್ಪಾಗಿದ್ದ ಈ ಮಸಿ ಶತಮಾನಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ನಾವಿಂದು ಮೆಚ್ಚುವ ಆ ಬೆಚ್ಚನೆಯ ಕಂದು ಎಷ್ಟೋ ಕಡೆ ಕಲಾವಿದ ಕಂಡ ಬಣ್ಣವೇ ಅಲ್ಲ. ಅವನ ಕಣ್ಣೆದುರು ಇದ್ದದ್ದು ಅಚ್ಚಿನ ಕಪ್ಪಿಗೆ ಹತ್ತಿರವಾದ ಕಡುಗೆರೆ. ಕಂದು ಬಣ್ಣಕ್ಕೆಂದೇ ಬಳಸುತ್ತಿದ್ದ ಮಸಿಯೂ ಇತ್ತು: ಒಲೆಯ ಹೊಗೆಗೂಡಿನಲ್ಲಿ ಕಟ್ಟಿದ ಮರದ ಮಸಿಯನ್ನು ಕರಗಿಸಿದ ಬಿಸ್ಟರ್. ಬ್ರಷ್ಷಿನಲ್ಲಿ ತೆಳುವಾಗಿ ಹರಡಲು ಅದು ಒಳ್ಳೆಯದು. ಬೂದು ಛಾಯೆಗೆ ದೀಪದ ಕಾಡಿಗೆಯಿಂದ ಮಾಡಿದ ಇಂಡಿಯನ್ ಇಂಕ್. ಅದು ಕಬ್ಬಿಣದ ಮಸಿಯಂತೆ ಬಣ್ಣಗೆಡುವುದಿಲ್ಲ.

ಲೇಖನಿ ಹೆಬ್ಬಾತಿನ ಗರಿ. ಅದರ ತುದಿಯನ್ನು ಚೂರಿಯಿಂದ ಕೆತ್ತಿ ಸೀಳಿದರೆ, ಒತ್ತಿದಾಗ ಸೀಳು ಅಗಲವಾಗಿ ಗೆರೆ ಉಬ್ಬುತ್ತದೆ, ಬಿಟ್ಟಾಗ ಕೂದಲೆಳೆಯಾಗುತ್ತದೆ. ತಾಮ್ರ ಕೆತ್ತುವ ಬ್ಯೂರಿನ್ ಉಳಿಯ ಗೆರೆಯೂ ಹೀಗೆಯೇ: ಆಳಕ್ಕೆ ನೂಕಿದರೆ ದಪ್ಪ, ಮೇಲಕ್ಕೆ ಎತ್ತಿದರೆ ಸಣ್ಣ. ಗರಿಗೂ ಉಳಿಗೂ ಇರುವ ಈ ಸಾಮ್ಯ ಮುಂದೆ ಒಂದು ದೊಡ್ಡ ಪ್ರಯೋಗಕ್ಕೆ ದಾರಿಯಾಯಿತು.

ಕಾಗದ ಅಗಸೆನಾರಿನ ಹಳೆ ಬಟ್ಟೆಯ ಚಿಂದಿಯದು. ಕೊಳೆಸಿ ಕುಟ್ಟಿದ ತಿರುಳನ್ನು ತಂತಿಜಾಲರಿಯ ಚೌಕಟ್ಟಿನಲ್ಲಿ ಎತ್ತಿ, ಒಣಗಿಸಿ, ಮಸಿ ಹರಡದಂತೆ ಪ್ರಾಣಿಗಳ ಚರ್ಮ ಕುದಿಸಿದ ಸರಿಯಲ್ಲಿ ಅದ್ದುತ್ತಿದ್ದರು. ಡಚ್ಚರು ಬಹುಕಾಲ ಫ್ರಾನ್ಸ್, ಜರ್ಮನಿ ಕಡೆಯ ಕಾಗದವನ್ನೇ ತರಿಸಿಕೊಂಡರು. 17ನೇ ಶತಮಾನದ ಕೊನೆಯ ಹೊತ್ತಿಗೆ ಜಾನ್ ನದಿಯ ದಂಡೆಯ ಗಾಳಿಗಿರಣಿಗಳ ಕಾಗದ ಯುರೋಪಿನಲ್ಲೇ ಹೆಸರಾಯಿತು. ಹಾಳೆಯನ್ನು ಬೆಳಕಿಗೆ ಹಿಡಿದಾಗ ಕಾಣುವ ತಂತಿಸಾಲು, ವಾಟರ್‌ಮಾರ್ಕ್ ಇವು ಕಾಲ ಹೇಳುವ ಸಾಕ್ಷಿಗಳು. ಸರಿ ಬಿದ್ದ ಗಟ್ಟಿ ಹಾಳೆಯಾಗಿದ್ದರಿಂದಲೇ ಲೋಹದ ಕಡ್ಡಿಯ ಒತ್ತಡವನ್ನು ಅದು ಹರಿಯದೆ ತಾಳಿಕೊಂಡಿತು.

ಈಗ ಮುಖ್ಯ ಪ್ರಶ್ನೆ. ನೆರಳನ್ನು ಹೇಗೆ ಬರೆಯಬೇಕು? ತಾಮ್ರದ ಕೆತ್ತನೆಗೆ ಬೂದುಬಣ್ಣ ಗೊತ್ತಿಲ್ಲ. ಅಲ್ಲಿ ಕಪ್ಪು ಗೆರೆ ಮತ್ತು ಬಿಳಿ ಕಾಗದ ಎರಡೇ. ನಡುವಿನ ಛಾಯೆಯನ್ನೆಲ್ಲ ಗೆರೆಗಳನ್ನು ಒತ್ತಾಗಿಸಿ, ವಿರಳವಾಗಿಸಿ, ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಬೇಕು. ಆ ಗೆರೆಗಳನ್ನು ಚಿತ್ರಕಾರನೇ ಹಾಳೆಯ ಮೇಲೆ ಹಾಕಿಕೊಡಬೇಕೆ, ಅಥವಾ ಬ್ರಷ್ಷಿನಿಂದ ನೆರಳಿನ ವಾಶ್ ಬಳಿದು ಗೆರೆಯ ಲೆಕ್ಕವನ್ನು ಕೆತ್ತುವವನಿಗೆ ಬಿಡಬೇಕೆ? ಎರಡು ಶತಮಾನಗಳ ಡಚ್ ಮುದ್ರಣಚಿತ್ರಗಳು ಇದಕ್ಕೆ ಕೊಟ್ಟ ಬೇರೆ ಬೇರೆ ಉತ್ತರಗಳಲ್ಲಿಯೇ ಈ ಕಲೆಯ ಚರಿತ್ರೆ ಅಡಗಿದೆ.

ಹಾರ್ಲೆಮ್‌ನ ಮಾರ್ಟನ್ ವ್ಯಾನ್ ಹೀಮ್ಸ್‌ಕರ್ಕ್ (1498–1574) ಮೊದಲ ದಾರಿ ಹಿಡಿದವನು. ಅವನು ನೂರಾರು ಅಚ್ಚುಗಳಿಗೆ ಮೂಲ ಬರೆದುಕೊಟ್ಟ. ಆ ಹಾಳೆಗಳ ದೊಡ್ಡ ಗುಂಪು ಈಗ ಕೋಪನ್‌ಹೇಗನ್‌ನಲ್ಲಿದೆ. ಗರಿ, ಕಂದು ಮಸಿ, ಬಹುಪಾಲು ಅಷ್ಟೇ. ಸ್ನಾಯು ಉಬ್ಬಿದಲ್ಲಿ ಬಾಗಿದ ಗೆರೆಸಾಲು, ಗೋಡೆಯ ಮೇಲೆ ನೇರ ಗೆರೆಸಾಲು, ಕತ್ತಲಿಗೆ ಅಡ್ಡ ಹಾಯುವ ಹೆಣಿಗೆ. ಮೂಲೆಯಲ್ಲಿ ಹೆಸರು, ಇಸವಿ. ಕೆತ್ತುವವನು ಎಲ್ಲಿ ಎಷ್ಟು ಗೆರೆ ಹಾಕಬೇಕೆಂಬುದು ಹಾಳೆಯಲ್ಲೇ ಇದೆ. ಚಕ್ರವರ್ತಿ ಐದನೇ ಚಾರ್ಲ್ಸ್‌ನ ವಿಜಯಗಳನ್ನು ಕುರಿತ ಹನ್ನೆರಡು ಅಚ್ಚುಗಳ ಮಾಲೆಯನ್ನು ಅವನು ಹೀಗೆ ಬರೆದ. ಡರ್ಕ್ ಕೂರ್ನ್‌ಹರ್ಟ್ ಕೆತ್ತಿದ, ಕಾಕ್ 1556ರಲ್ಲಿ ಪ್ರಕಟಿಸಿದ. ಸಮಕಾಲೀನ ಇತಿಹಾಸವನ್ನೇ ಅಚ್ಚಿನ ಮಾಲೆಯಾಗಿಸಿದ ಕೆಲಸವಿದು: ಸೆರೆಸಿಕ್ಕ ದೊರೆಗಳು, ಮುತ್ತಿಗೆಯಲ್ಲಿರುವ ನಗರಗಳು, ನಡುವೆ ರಾಜಠೀವಿ. ಹೀಮ್ಸ್‌ಕರ್ಕ್‌ನ ಗೆರೆ ಬಿಗುವೆಂದು ದೂರುವವರು ಒಂದು ಮಾತನ್ನು ಮರೆಯುತ್ತಾರೆ. ಅಳ್ಳಕ ಗೆರೆಯನ್ನು ಕೆತ್ತುವವನು ಊಹಿಸಬೇಕಾಗುತ್ತದೆ, ಊಹೆ ತಪ್ಪಿದರೆ ತಾಮ್ರವನ್ನು ಹೆರೆದು, ಹಿಂದಿನಿಂದ ಬಡಿದು ಸಮಮಾಡಬೇಕಾಗುತ್ತದೆ. ಬಿಗಿಯಾದ ಗೆರೆ ಆ ಕೆಲಸಗಾರನ ಮೇಲಿನ ಗೌರವ.

ಹೆಂಡ್ರಿಕ್ ಗೋಲ್ಟ್ಸಿಯಸ್ (1558–1617) ಇದೇ ಕೂರ್ನ್‌ಹರ್ಟ್‌ನ ಶಿಷ್ಯ. ಗುರುವಿನ ಹಿಂದೆಯೇ ಹಾರ್ಲೆಮ್‌ಗೆ ಬಂದು, 1582ರಿಂದ ತಾನೇ ಪ್ರಕಾಶಕನಾದ. ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಅವನ ಬಲಗೈ ಸುಟ್ಟು, ಬೆರಳುಗಳು ಪೂರ್ತಿ ಬಿಚ್ಚದಂತಾಗಿದ್ದವೆಂದು 1604ರಲ್ಲಿ ಕಲಾವಿದರ ಜೀವನಚರಿತ್ರೆಕಾರ ಕಾರೆಲ್ ವ್ಯಾನ್ ಮಾಂಡರ್ ಬರೆದಿದ್ದಾನೆ. ಆ ಸೊಟ್ಟ ಕೈಯನ್ನೇ ಗೋಲ್ಟ್ಸಿಯಸ್ 1588ರಲ್ಲಿ ಗರಿಯಿಂದ ಬಿಡಿಸಿದ. ಹಾರ್ಲೆಮ್‌ನ ಟೇಲರ್ಸ್ ಮ್ಯೂಸಿಯಂನಲ್ಲಿರುವ ಆ ಹಾಳೆಯನ್ನು ಹತ್ತಿರದಿಂದ ನೋಡಿದರೆ ಕೆತ್ತನೆಯ ಅಚ್ಚೆಂದೇ ಭ್ರಮೆಯಾಗುತ್ತದೆ. ನರದ ಮೇಲೆ ಹಾಯುವಾಗ ಗೆರೆ ಉಬ್ಬಿ, ಬೆಳಕಿನತ್ತ ಸಾಗುತ್ತ ಸಣ್ಣಗಾಗಿ ಮಾಯವಾಗುತ್ತದೆ. ಇದು ಮುದ್ರಣಕ್ಕೆ ಬರೆದದ್ದಲ್ಲ. ಉಳಿಯ ಭಾಷೆಯನ್ನು ಗರಿ ಕಲಿತು ತಾನೇ ಆಡಿದ್ದು. ಮುದ್ರಣಕ್ಕೆಂದು ಬರೆದ ಹಾಳೆಗಳಲ್ಲಿ ಅದೇ ಗೋಲ್ಟ್ಸಿಯಸ್ ಇನ್ನೊಂದು ರೀತಿ. ಓವಿಡ್‌ನ ರೂಪಾಂತರ ಕತೆಗಳ 52 ಅಚ್ಚುಗಳ ಮಾಲೆಗೆ ಅವನು ಗರಿಯ ಹೊರಗೆರೆ, ಕಂದು ವಾಶ್, ಮೇಲೆ ಬಿಳಿ ಬಳಸಿದ. ಕೆತ್ತುವ ಕೆಲಸ ಕಾರ್ಯಾಗಾರದವರದು. ತಾನು ತರಬೇತಿ ಕೊಟ್ಟ ಕೈಗಳಿಗೆ ನೆರಳನ್ನು ತೋರಿಸಿದರೆ ಸಾಕು, ಅದಕ್ಕೆ ಗೆರೆ ಕಟ್ಟುವ ವಿದ್ಯೆ ಅವರಲ್ಲಿದೆ ಎಂಬ ನೆಚ್ಚಿಕೆ ಅದರಲ್ಲಿ ಕಾಣುತ್ತದೆ.

ಗರಿ ಅಚ್ಚನ್ನು ಅನುಕರಿಸುವ ಈ ಹಟ ಮುಂದೆಯೂ ನಡೆಯಿತು. ಹಿರಿಯ ವಿಲ್ಲೆಮ್ ವ್ಯಾನ್ ಡ ವೆಲ್ಡೆ ಡಚ್ ನೌಕಾಪಡೆಯ ಜೊತೆ ದೋಣಿಯಲ್ಲಿ ಹೋಗಿ, 1653ರ ಟೆರ್‌ಹೈಡೆ ಕದನವನ್ನು ಕಣ್ಣಾರೆ ಕಂಡು ಸ್ಕೆಚ್ ಮಾಡಿಕೊಂಡ. 1657ರಲ್ಲಿ ಅದನ್ನು ಬಿಳಿ ಲೇಪ ಹಾಕಿದ ಹಿನ್ನೆಲೆಯ ಮೇಲೆ ಮಸಿಯಲ್ಲಿ ದೊಡ್ಡದಾಗಿ ಬರೆದ. ಹಡಗಿನ ಹಗ್ಗಹಗ್ಗವೂ ಕೆತ್ತನೆಯ ಗೆರೆಯಂತೆ. ಆ ಕಾಲದವರ ಕಣ್ಣಿಗೆ ಅಚ್ಚಿನ ಗೆರೆ ಎಷ್ಟು ಹಿತವಾಗಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ.

ಹಾಳೆಯಿಂದ ತಾಮ್ರಕ್ಕೆ ದಾಟಿಸುವ ವಿಧಾನಕ್ಕೆ ಬರೋಣ. ಸಾಮಾನ್ಯ ಕ್ರಮ ಹೀಗೆ: ರೇಖಾಚಿತ್ರದ ಹಿಂಬದಿಗೆ ಚಾಕ್ ಪುಡಿ ತಿಕ್ಕುವುದು, ತೆಳುವಾಗಿ ಮೇಣ ಸವರಿದ ಫಲಕದ ಮೇಲೆ ಅದನ್ನು ಕೂರಿಸಿ ಕದಲದಂತೆ ಮಾಡುವುದು, ಮುಖ್ಯ ಗೆರೆಗಳ ಮೇಲೆ ಮೊಂಡು ಕಡ್ಡಿ ಎಳೆಯುವುದು. ಒತ್ತಿದಲ್ಲೆಲ್ಲ ಚಾಕ್ ಮೇಣಕ್ಕೆ ಅಂಟುತ್ತದೆ. ಎಚಿಂಗ್‌ನ ಲೇಪವನ್ನು ಮೇಣದಬತ್ತಿಯ ಹೊಗೆಯಲ್ಲಿ ಕಪ್ಪಾಗಿಸಿದ್ದರೆ ಅದರ ಮೇಲೆ ಕಪ್ಪು ಚಾಕ್ ಕಾಣುವುದಿಲ್ಲ, ಕೆಂಪೋ ಬಿಳಿಯೋ ಬೇಕು. ಹಾಳೆಯ ಬೆನ್ನಿನಲ್ಲಿ ಕಾಣುವ ಕೆಂಪು ಮಸುಕಿಗೆ ಇದೂ ಒಂದು ಕಾರಣ. ಒಳ್ಳೆಯ ಹಾಳೆ ಕೊಳಕಾಗಬಾರದೆಂದಿದ್ದರೆ ಚಾಕ್ ತಿಕ್ಕಿದ ಬೇರೊಂದು ಕಾಗದವನ್ನು ನಡುವೆ ಇಡುತ್ತಿದ್ದರು. ಎಣ್ಣೆ ಹಚ್ಚಿ ಪಾರದರ್ಶಕ ಮಾಡಿದ ಕಾಗದದಲ್ಲಿ ನಕಲು ತೆಗೆದು ದಾಟಿಸುವುದೂ ಇತ್ತು.

ಇಲ್ಲೊಂದು ತೊಡಕು: ಫಲಕದಲ್ಲಿ ಹೇಗಿದೆಯೋ ಅದರ ತಿರುವುಮುರುವು ಕಾಗದಕ್ಕೆ ಬರುತ್ತದೆ. ಅದಕ್ಕೇ ಈ ಹಾಳೆಗಳಲ್ಲಿ ಎಡಗೈಯಲ್ಲಿ ಕತ್ತಿ ಹಿಡಿದ ಸೈನಿಕರು, ಎಡಗೈಯಲ್ಲಿ ಆಶೀರ್ವದಿಸುವ ಸಂತರು ಸಿಗುತ್ತಾರೆ. ಅಚ್ಚಿನಲ್ಲಿ ಅವರೆಲ್ಲ ಬಲಗೈಯವರಾಗುತ್ತಾರೆ. ಚಿತ್ರಕಾರ ಮನಸ್ಸಿನಲ್ಲೇ ಲೋಕವನ್ನು ತಿರುಗಿಸಿ ಬರೆದಿರುತ್ತಾನೆ. ಬೆಟ್ಟ, ಕಾಡು, ಮುಖಗಳ ಚಿತ್ರದಲ್ಲಿ ಇದು ಅಷ್ಟು ಕಾಡದು. ಆದರೆ ಯಾಕಬ್ ಡ ಗೇಯ್ನ್ 1607ರಲ್ಲಿ ಹೊರತಂದ ಶಸ್ತ್ರಾಭ್ಯಾಸದ ಪುಸ್ತಕವನ್ನು ನೆನೆಯಿರಿ. 117 ಫಲಕಗಳಲ್ಲಿ ಕೋವಿ, ಮಸ್ಕೆಟ್, ಭರ್ಜಿ ಹಿಡಿಯುವ ಒಂದೊಂದು ಭಂಗಿ. ಅದನ್ನು ನೋಡಿ ಸೈನಿಕ ಕವಾಯತು ಕಲಿಯಬೇಕು. ಅಲ್ಲಿ ಕೈ ಅದಲುಬದಲಾದರೆ ಪುಸ್ತಕದ ಉದ್ದೇಶವೇ ಕೆಟ್ಟಂತೆ.

ಮರದಚ್ಚಿನಲ್ಲಿ ಈ ದಾಟುವಿಕೆ ಇನ್ನೂ ಕಠೋರ. ಅಲ್ಲಿ ಮರದ ಹಲಗೆಗೆ ಬಿಳಿ ಬಳಿದು ಅದರ ಮೇಲೆಯೇ ಚಿತ್ರ ಬರೆಯುವುದಿತ್ತು. ಕೆತ್ತುವವನು ಗೆರೆಗಳ ನಡುವಿನ ಬಿಳಿಯನ್ನೆಲ್ಲ ತೆಗೆದುಹಾಕುತ್ತಿದ್ದ, ಕೆತ್ತುತ್ತ ಕೆತ್ತುತ್ತ ಮೂಲಚಿತ್ರವೇ ಇಲ್ಲವಾಗುತ್ತಿತ್ತು. ಹೀಗೆ ಕಳೆದುಹೋದವು ಎಷ್ಟೋ. ಒಂದು ಮಾತ್ರ ಅರ್ಧದಲ್ಲಿ ನಿಂತು ಉಳಿದಿದೆ. 1566ರ ಸುಮಾರಿಗೆ ಬ್ರೂಗಲ್ ‘ಕೊಳಕು ಮದುವಣಗಿತ್ತಿ’ಯ ಜನಪದ ಕುಣಿತವನ್ನು ಹಲಗೆಯ ಮೇಲೆ ಬರೆದಿದ್ದ. ಕೆಲಸಗಾರ ಸ್ವಲ್ಪ ಭಾಗ ಕೆತ್ತಿ ಕೈಬಿಟ್ಟ. ಆ ಹಲಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಒಂದು ಕಡೆ ಬಿಳಿಯ ಮೇಲೆ ಸರಾಗ ಹರಿಯುವ ಬ್ರೂಗಲ್‌ನ ಗರಿ, ಇನ್ನೊಂದು ಕಡೆ ಅದೇ ಗೆರೆ ಮರದಲ್ಲಿ ಎದ್ದುನಿಂತ ಏಣು. ಕಲ್ಪಿಸಿದವನ ಕೈ ಮತ್ತು ಕೆತ್ತಿದವನ ಕೈ ಸಂಧಿಸುವ ಜಾಗವನ್ನು ಇಷ್ಟು ಸ್ಪಷ್ಟವಾಗಿ ತೋರುವ ವಸ್ತು ಇನ್ನೊಂದಿದೆಯೆಂದು ನನಗೆ ಅನಿಸುವುದಿಲ್ಲ. 1570ರಲ್ಲಿ ವ್ಯಾನ್ ಡರ್ ಹೇಡನ್ ಅದೇ ಚಿತ್ರವನ್ನು ತಾಮ್ರದಲ್ಲಿ ಮುಗಿಸಿದ.

ರೆಂಬ್ರಾಂಟ್ ಈ ವ್ಯವಸ್ಥೆಯ ಹೊರಗೆ ನಿಂತವನು. ಅವನ ಸುಮಾರು 300 ಎಚಿಂಗ್‌ಗಳಲ್ಲಿ ಬಹುಪಾಲಿಗೆ ಪೂರ್ವಚಿತ್ರವೇ ಇಲ್ಲ, ಸೂಜಿ ಹಿಡಿದು ಫಲಕದ ಮೇಲೇ ಯೋಚಿಸುತ್ತಿದ್ದ. ಆದ್ದರಿಂದ ಅವನು ಪೂರ್ವಚಿತ್ರ ಬರೆದದ್ದು ಯಾವಾಗ ಎಂಬುದೇ ಕೇಳಬೇಕಾದ ಪ್ರಶ್ನೆ. 1640ರಲ್ಲಿ ಮೆನೊನೈಟ್ ಪಂಥದ ಬೋಧಕ ಕೊರ್ನೆಲಿಸ್ ಆನ್ಸ್ಲೊನನ್ನು ಕೆಂಪು ಚಾಕ್‌ನಲ್ಲಿ ಬರೆದು, ಕೆಂಪು ವಾಶ್ ಕೊಟ್ಟು, ಬಿಳಿಯಿಂದ ತಿದ್ದಿ, ಕಡ್ಡಿಯಿಂದ ಫಲಕಕ್ಕೆ ದಾಟಿಸಿದ. ಮರುವರ್ಷ ಎಚಿಂಗ್ ಬಂತು. ಭಾವಚಿತ್ರದಲ್ಲಿ ಹೋಲಿಕೆ ತಪ್ಪುವಂತಿಲ್ಲ, ಅಲ್ಲಿ ಫಲಕದ ಮೇಲೆ ಆಟವಾಡಲಾಗದು. ಬೇರೆಯವರ ಕೈಗೆ ಕೆಲಸ ಕೊಡುವಾಗಲೂ ಹೀಗೆಯೇ. ಪಿಲಾತನ ಮುಂದೆ ಕ್ರಿಸ್ತನನ್ನು ನಿಲ್ಲಿಸಿದ ದೊಡ್ಡ ಎಚಿಂಗ್‌ಗೆ ಯಾನ್ ವ್ಯಾನ್ ವ್ಲೀಟ್ ಜೊತೆಗಾರನಾಗಿದ್ದ. ಅವನಿಗಾಗಿ ರೆಂಬ್ರಾಂಟ್ 1634ರಲ್ಲಿ ಕಾಗದದ ಮೇಲೆ ಎಣ್ಣೆಬಣ್ಣದಲ್ಲೇ ಕಂದು ಛಾಯೆಯ ಪೂರ್ಣಚಿತ್ರ ಬರೆದುಕೊಟ್ಟ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಹಾಳೆಯಲ್ಲಿ ಗೆರೆಯ ಸೂಚನೆ ಕಡಿಮೆ, ಬೆಳಕುಕತ್ತಲೆಯ ಸೂಚನೆಯೇ ಎಲ್ಲ. ಹೀಮ್ಸ್‌ಕರ್ಕ್‌ಗೂ ಇದಕ್ಕೂ ನಡುವೆ ಎಂಬತ್ತು ವರ್ಷವೂ ಆಗಿಲ್ಲ.

ಮುಂದೆ ವಾಶ್‌ನ ದಾರಿಯೇ ಹೆದ್ದಾರಿಯಾಯಿತು. ಆಮ್‌ಸ್ಟರ್‌ಡ್ಯಾಮ್‌ನ ಯಾನ್ ಲಾಯ್ಕನ್ (1649–1712) ಕವಿಯೂ ಹೌದು, ಎಚಿಂಗ್‌ಕಾರನೂ ಹೌದು. 1685ರ ಹುತಾತ್ಮರ ಚರಿತ್ರೆಯ ದೊಡ್ಡ ಸಂಪುಟಕ್ಕೆ 104 ಎಚಿಂಗ್, 1694ರಲ್ಲಿ ಮಗ ಕಾಸ್ಪರ್ ಜೊತೆ ನೂರು ಕಸುಬುಗಳ ಪುಸ್ತಕ. ತಾಮ್ರ ಕೆತ್ತುವವನೂ ಕಾಗದ ಮಾಡುವವನೂ ಆ ನೂರರಲ್ಲಿ ಇದ್ದಾರೆ. ಲಾಯ್ಕನ್‌ನ ಪೂರ್ವಚಿತ್ರಗಳು ಅಚ್ಚಿನಷ್ಟೇ ಪುಟ್ಟವು: ಕಂದು ಗರಿಗೆರೆ ಚುರುಕಾಗಿ ಓಡುತ್ತದೆ, ಮೇಲೆ ಬೂದು ವಾಶ್ ಎರಡೋ ಮೂರೋ ಪದರ. ಕೆತ್ತುವವನೂ ತಾನೇ ಆದ್ದರಿಂದ ಗೆರೆಗೆರೆಯ ಸೂಚನೆ ಬೇಕಿರಲಿಲ್ಲ.

18ನೇ ಶತಮಾನದಲ್ಲಿ ದೇಶಚರಿತ್ರೆಯ ಪುಸ್ತಕಗಳಿಗೆ ಬೇಡಿಕೆ ಹೆಚ್ಚಿತು. 1749ರಿಂದ 1759ರವರೆಗೆ ಯಾನ್ ವಾಗೆನಾರ್‌ನ ದೇಶಚರಿತ್ರೆ 21 ಸಂಪುಟಗಳಲ್ಲಿ ಬಂತು. ಸಿಮೊನ್ ಫೊಕ್ಕೆ, ಯಾಕೋಬಸ್ ಬೌಸ್, ರೈನಿಯರ್ ವಿಂಕೆಲೆಸ್ ಇಂಥ ಕೆಲಸದಲ್ಲಿ ಪಳಗಿದವರು. ಇವರು ಬರೆದ ಘಟನೆಗಳು, ಉದಾಹರಣೆಗೆ 1584ರಲ್ಲಿ ನಡೆದ ಡಚ್ ಬಂಡಾಯದ ನಾಯಕ ಆರೆಂಜ್ ವಿಲಿಯಮ್‌ನ ಕೊಲೆ, ಅವರ ಕಣ್ಣಿಗೆ ಬಿದ್ದವಲ್ಲ, ಎಷ್ಟೋ ತಲೆಮಾರು ಹಿಂದಿನವು. ಹಾಗಾಗಿ ಈ ಹಾಳೆಗಳು ಘಟನೆಗೆ ಸಾಕ್ಷಿಯಾಗಲಾರವು. ಅವು ಸಾಕ್ಷಿ ಹೇಳುವುದು ತಮ್ಮ ಕಾಲ ಹಿಂದಿನದನ್ನು ಹೇಗೆ ಕಾಣಬಯಸಿತು ಎಂಬುದಕ್ಕೆ. ಇತಿಹಾಸ ಪುಸ್ತಕಗಳು ಇಂಥ ಅಚ್ಚುಗಳನ್ನು ಇಂದಿಗೂ ಫೋಟೊದಂತೆ ಬಳಸುವುದು ಸರಿಯಲ್ಲ. ಪೂರ್ವಚಿತ್ರ ಉಳಿದಿದ್ದರೆ ಅದನ್ನು ಅಚ್ಚಿನ ಪಕ್ಕ ಇಟ್ಟು ನೋಡಬೇಕು. ಪೆನ್ಸಿಲ್ ಅಥವಾ ಚಾಕ್‌ನಲ್ಲಿ ಮೊದಲು ಹಾಕಿ ಮಸಿಯಲ್ಲಿ ಬಿಟ್ಟದ್ದು ಯಾವುದು, ಬಿಳಿ ಬಳಿದು ಮುಚ್ಚಿದ್ದು ಯಾರನ್ನು, ಅಚ್ಚಿನಲ್ಲಿ ಹೊಸದಾಗಿ ಸೇರಿದ್ದು ಏನು, ಎಂಬಲ್ಲಿ ಆ ಬಯಕೆ ಕಣ್ಣಿಗೆ ಬೀಳುತ್ತದೆ.

ಅದೇ ಶತಮಾನದಲ್ಲಿ ಕತೆ ಪೂರ್ತಿ ತಿರುಗಿತು. ಆಮ್‌ಸ್ಟರ್‌ಡ್ಯಾಮ್‌ನ ಮರದ ವ್ಯಾಪಾರಿ ಕೊರ್ನೆಲಿಸ್ ಪ್ಲೋಸ್ ವ್ಯಾನ್ ಆಮ್‌ಸ್ಟೆಲ್ (1726–1798) ಹಳೆಯ ರೇಖಾಚಿತ್ರಗಳನ್ನು ಅವುಗಳ ಚಾಕ್ ತರಿ, ವಾಶ್ ಮಬ್ಬು ಸಮೇತ ಅಚ್ಚಿನಲ್ಲಿ ನಕಲಿಸುವ ಕ್ರಮ ಕಂಡುಕೊಂಡು 46 ಅಚ್ಚು ಹೊರತಂದ. ಅಚ್ಚಿನ ಸೇವೆಗೆ ಬರೆಯುತ್ತಿದ್ದ ರೇಖಾಚಿತ್ರಕ್ಕೆ ಈಗ ಅಚ್ಚೇ ಸೇವೆ ಮಾಡತೊಡಗಿತು. ತನ್ನ ಸಂಗ್ರಹದ ಹಾಳೆಗಳ ಬೆನ್ನಿನಲ್ಲಿ ಅವನು ಅಳತೆ, ಕಲಾವಿದನ ವಿವರ ಬರೆದಿಡುತ್ತಿದ್ದ. ಇಂದಿನ ಸಂಶೋಧಕರಿಗೆ ಅದು ದೊಡ್ಡ ಉಪಕಾರ.

ಅಚ್ಚುಗಳೂ ಕಲಾವಿದರೂ ದೂರದೇಶಗಳಿಗೆ ಸಾಗಿದ ಹಾದಿಯಲ್ಲಿ ನಮ್ಮ ವಿಜಯಪುರವೂ ಒಂದು ತಾಣ. ಹೀಮ್ಸ್‌ಕರ್ಕ್, ಗೋಲ್ಟ್ಸಿಯಸ್ ಇದ್ದ ಅದೇ ಹಾರ್ಲೆಮ್‌ನ ಚಿತ್ರಕಾರ ಕೊರ್ನೆಲಿಸ್ ಹೇಡಾ 17ನೇ ಶತಮಾನದ ಎರಡನೇ ದಶಕದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಕೆಲಸಮಾಡುತ್ತಿದ್ದ. ಆ ಆಸ್ಥಾನದಲ್ಲಿ ಕೆಲಕಾಲ ಇದ್ದನೆಂದು ಬಹುಮಂದಿ ವಿದ್ವಾಂಸರು ಒಪ್ಪುವ ಫರ್ರುಖ್ ಬೇಗ್, 1615ರಲ್ಲಿ ಜಹಾಂಗೀರನಿಗೆ ಬರೆದ ಮುದಿ ಸೂಫಿಯ ಚಿತ್ರಕ್ಕೆ ಆಂಟ್‌ವರ್ಪ್‌ನ ಮಾರ್ಟನ್ ಡ ವೋಸ್ ಕಲ್ಪಿಸಿ ರಾಫೆಲ್ ಸಾಡೆಲರ್ ಕೆತ್ತಿದ ಅಚ್ಚನ್ನು ಆಧರಿಸಿದ. ಡ ವೋಸ್‌ನ ಮೂಲಹಾಳೆ ಸಮುದ್ರ ದಾಟಲಿಲ್ಲ, ದಾಟಿದ್ದು ಅಚ್ಚು. ಅದನ್ನು ಕೈಗೆತ್ತಿಕೊಂಡ ಕಲಾವಿದರ ಪರಂಪರೆಗೂ ರೂಪವನ್ನು ಹಾಳೆಯಿಂದ ಹಾಳೆಗೆ ದಾಟಿಸುವ ತನ್ನದೇ ವಿದ್ಯೆಯಿತ್ತು: ಜಿಂಕೆಯ ತೆಳುಚರ್ಮದ ಚರ್ಬಾ, ಅದರಲ್ಲಿ ಚುಚ್ಚಿದ ತೂತುಗಳ ಮೂಲಕ ಉದುರಿಸುವ ಇದ್ದಿಲ ಪುಡಿ.

ಇನ್ನು ಈ ಹಾಳೆಗಳ ಇಂದಿನ ಸ್ಥಿತಿ. ಮಾಚಿಕಾಯಿ ಮಸಿಯ ಆಮ್ಲ ಮತ್ತು ಕಬ್ಬಿಣ ಕಾಗದವನ್ನೇ ತಿನ್ನುತ್ತವೆ. ಗೆರೆ ಒತ್ತಾದಲ್ಲಿ, ಅಂದರೆ ಚಿತ್ರಕಾರ ಹೆಚ್ಚು ಶ್ರಮಪಟ್ಟ ನೆರಳಿನಲ್ಲೇ, ಹಾಳೆ ಬಿರಿದು ಉದುರುತ್ತದೆ. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ಯೋಹಾನ್ ನೀವೆಲ್, ಧಾನ್ಯಗಳಲ್ಲಿರುವ ಫೈಟೇಟ್ ಎಂಬ ವಸ್ತುವಿನಿಂದ ಆ ಕಬ್ಬಿಣವನ್ನು ಕಟ್ಟಿಹಾಕುವ ಚಿಕಿತ್ಸೆ ರೂಪಿಸಿದರು. ಆದರೆ ಅದಕ್ಕೆ ಹಾಳೆಯನ್ನು ನೀರಿನಲ್ಲಿ ಅದ್ದಬೇಕು. ಅದ್ದಿದರೆ ಕಡ್ಡಿಯ ತೋಡು ಸಪಾಟಾಗಬಹುದು, ಬೆನ್ನಿನ ಚಾಕ್ ತೊಳೆದುಹೋಗಬಹುದು. ಸೀಸದ ಬಿಳಿ ಗಾಳಿಯ ಗಂಧಕಕ್ಕೆ ಕಪ್ಪಾಗುವುದು ಇನ್ನೊಂದು ಸಂಕಟ: ಬೆಳಕಿರಬೇಕಾದ ಹಣೆ, ಮೂಗಿನ ಮೇಲೆ ಕಪ್ಪು ಕಲೆ ಕೂತಿರುತ್ತದೆ. ಮುಟ್ಟದೆ ತಿಳಿಯುವ ದಾರಿಗಳೂ ಈಗ ಇವೆ. ಇನ್‌ಫ್ರಾರೆಡ್ ಬೆಳಕಿನಲ್ಲಿ ಕಬ್ಬಿಣದ ಮಸಿ ಮಸುಕಾಗಿ, ಕಾಡಿಗೆಯ ಮಸಿಯೂ ಕಪ್ಪು ಚಾಕ್ ಕೂಡ ಹಾಗೇ ಉಳಿಯುತ್ತವೆ. ಎಕ್ಸ್‌ರೇ ಪರೀಕ್ಷೆ ಮಸಿಯಲ್ಲಿ ಕಬ್ಬಿಣ, ತಾಮ್ರ, ಸತು ಎಷ್ಟಿದೆಯೆಂದು ಹೇಳುತ್ತದೆ. ಮೂಲ ಚಿತ್ರಕಾರನ ಮಸಿ ಯಾವುದು, ಮುಂದೆ ಇನ್ನಾರೋ ತಿದ್ದಿದ ಮಸಿ ಯಾವುದು ಎಂಬುದು ಇದರಿಂದ ಬೇರ್ಪಡುತ್ತದೆ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಸಂಗ್ರಹಾಲಯಗಳು ಸಾವಿರಾರು ಹಾಳೆಗಳ ಚಿತ್ರವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ, ಆದರೆ ಬಹುಪಾಲು ಮುಂಬದಿಯದ್ದು ಮಾತ್ರ, ಅದೂ ಸಮಬೆಳಕಿನಲ್ಲಿ ತೆಗೆದದ್ದು. ತೋಡು ಕಾಣುವುದಿಲ್ಲ, ಬೆನ್ನಿನ ಕೆಂಪು ಕಾಣುವುದಿಲ್ಲ, ವಾಟರ್‌ಮಾರ್ಕ್ ಕಾಣುವುದಿಲ್ಲ. ಮುದ್ರಣಕ್ಕೆ ಬರೆದ ಚಿತ್ರದ ಮಟ್ಟಿಗೆ ಅದು ಅರ್ಧ ದಾಖಲೆ. ಹಿಂಬದಿಯದೊಂದು, ಓರೆಬೆಳಕಿನದೊಂದು ಫೋಟೊ ಸೇರಿಸಿದರೆ ದೂರದ ಓದುಗನೂ ತಾನೇ ಪರೀಕ್ಷಿಸಿ ನೋಡಬಹುದು. ಆಂಟ್‌ವರ್ಪ್‌ನ ಹಳೆಯ ಮುದ್ರಣಾಲಯವಾಗಿದ್ದು ಈಗ ಮ್ಯೂಸಿಯಂ ಆಗಿರುವ ಪ್ಲಾಂಟಿನ್-ಮೊರೆಟಸ್ ಮನೆಯಲ್ಲಿ ಸುಮಾರು 14,000 ಮರದಚ್ಚು, 3,000 ತಾಮ್ರದ ಫಲಕಗಳ ಜೊತೆ ಪುಸ್ತಕಚಿತ್ರಗಳಿಗೆ ಬರೆಸಿದ ಪೂರ್ವಚಿತ್ರಗಳೂ ಉಳಿದಿವೆ. ಬೇರೆಡೆ ಹೆಚ್ಚಿನ ಫಲಕಗಳು ಸವೆದು, ಕರಗಿ, ಹಳೆ ತಾಮ್ರದ ಬೆಲೆಗೆ ಹೋದವು. ಇಲ್ಲಿ ಹಾಳೆ, ಫಲಕ, ಅಚ್ಚು ಮೂರನ್ನೂ ಒಂದೇ ಮೇಜಿನ ಮೇಲಿಟ್ಟು, ಗರಿಯ ಯಾವ ಗೆರೆ ಉಳಿಯ ಯಾವ ಗೆರೆಯಾಯಿತೆಂದು ಬೆರಳಿಟ್ಟು ತೋರಿಸಬಹುದು. ಈ ಲೇಖನ ಎತ್ತಿದ ಗೆರೆಯೋ ವಾಶೋ ಎಂಬ ಪ್ರಶ್ನೆಗೆ ಊಹೆಯಿಲ್ಲದ ಉತ್ತರ ಸಿಗುವುದಾದರೆ ಅದು ಅಂಥ ಮೇಜಿನ ಮೇಲೆಯೇ.